ಬೇಟೆಗಾರನ ಚೀಲ, ಶಾಲೆಯ ಚೀಲ

ನಿಮ್ಮ ಮಗನ ಅಥವಾ ಮಗಳ ಶಾಲೆಯ ಚೀಲವನ್ನು ಒಮ್ಮೆ ಚಾಪೆಯ ಮೇಲೆ ಬರಿದು ಮಾಡಿ ನೋಡಿ. ಪುಸ್ತಕಗಳ ಅಡಿಯಲ್ಲಿ ಕೈವಾರ, ಮುಚ್ಚಳ ಕಳೆದುಕೊಂಡ ಪೆನ್ನು, ಕಳೆದ ವಾರದ ಚಾಕೊಲೇಟಿನ ಕಾಗದ. ಒಂದು ರಬ್ಬರು ಬೇಕೆಂದರೂ ಇಡೀ ಚೀಲ ತಡಕಬೇಕು. ಹೀಗೆ ತಡಕುತ್ತ ಕೂತರೆ ಪ್ರಾಣಕ್ಕೇ ಸಂಚಕಾರ ಬರುತ್ತಿದ್ದ ಇನ್ನೊಂದು ಚೀಲದ ಕತೆ ಹೇಳುತ್ತೇನೆ.

ಅದು ಹದಿನೆಂಟನೆಯ ಶತಮಾನದ ಅಮೆರಿಕ. ಡೇನಿಯಲ್ ಬೂನ್ ಎಂಬ ಬೇಟೆಗಾರ 1769ರಲ್ಲಿ ಬೆಟ್ಟದ ಕಣಿವೆ ದಾಟಿ ಕೆಂಟಕಿಯ ಕಾಡು ಹೊಕ್ಕ ಕಾಲ. ಆಗಿನ ಚಕಮಕಿ ಕಲ್ಲಿನ ಬಂದೂಕಿಗೆ ಇಂದಿನಂಥ ತೋಟಾ ಇರಲಿಲ್ಲ. ಮದ್ದು, ಗುಂಡು ಎಲ್ಲವನ್ನೂ ನಳಿಗೆಯ ಬಾಯಿಂದಲೇ ತುಂಬಬೇಕಿತ್ತು. ಮೊದಲು ಅಳತೆಯ ಮದ್ದು. ಅದರ ಮೇಲೆ ಕೊಬ್ಬು ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡು. ಅದನ್ನು ಉದ್ದನೆಯ ಮರದ ಕೋಲಿನಿಂದ ಮದ್ದಿಗೆ ತಾಗುವವರೆಗೂ ದೂಡಬೇಕು. ಕೊನೆಗೆ ಕಲ್ಲಿನ ಕಿಡಿ ಬೀಳುವ ಪುಟ್ಟ ಬಟ್ಟಲಿಗೆ ಚಿಟಿಕೆ ರಂಜಕ. ಕ್ರಮ ತಪ್ಪಿದರೆ ಗುಂಡು ಹಾರದು. ಗುಂಡಿಗೂ ಮದ್ದಿಗೂ ನಡುವೆ ಜಾಗ ಉಳಿದರಂತೂ ನಳಿಗೆಯೇ ಒಡೆಯಬಹುದು. ಎದುರಿಗೆ ಕರಡಿ ನಿಂತಿರುವಾಗಲೂ ಈ ಕ್ರಮ ಕೈತಪ್ಪುವಂತಿರಲಿಲ್ಲ.

ಈ ಸಾಮಾನೆಲ್ಲ ಇರುತ್ತಿದ್ದದ್ದು ಹೆಗಲಿಗೆ ಇಳಿಬಿಟ್ಟ ಒಂದು ತೊಗಲಿನ ಚೀಲದಲ್ಲಿ. ಗುಂಡುಗಳ ಪುಟ್ಟ ಸಂಚಿ, ಬಟ್ಟೆಯ ತುಂಡುಗಳು, ಮೀಸಲು ಕಲ್ಲು, ತಿರುಪುಳಿ, ಕಿಂಡಿ ಬಿಡಿಸುವ ತಂತಿ, ಸೀಸ ಎರಕ ಹೊಯ್ಯುವ ಅಚ್ಚು. ಮದ್ದು ಮಾತ್ರ ಚೀಲದೊಳಗಲ್ಲ. ದನದ ಕೊಂಬಿನಲ್ಲಿ, ಹೊರಗೆ. ಕೊಂಬಿನೊಳಗೆ ನೀರು ಹೋಗದು, ಅದರಿಂದ ಕಿಡಿ ಏಳದು. ಕೊಂಬಿನಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯುವುದೂ ಸಲ್ಲದು. ಹಿಂದಿನ ಹೊಡೆತದ ಕೆಂಡವೊಂದು ಒಳಗೆ ಉಳಿದಿದ್ದರೆ ಕೈಯಲ್ಲಿರುವ ಕೊಂಬೇ ಸಿಡಿದೀತು. ಅದಕ್ಕೇ ನಡುವೆ ಒಂದು ಅಳತೆಯ ಕೊಳವೆ.

ಇಂಥ ಬಂದೂಕುಗಳ ಹವ್ಯಾಸಿಗಳು ಅಮೆರಿಕದಲ್ಲಿ ಇಂದಿಗೂ ಇದ್ದಾರೆ. ಅವರ ರಾಷ್ಟ್ರೀಯ ಸಂಘ 1933ರಲ್ಲೇ ಹುಟ್ಟಿತು. ಅವರಲ್ಲಿ ಅನೇಕರು ಚೀಲವನ್ನು ಕೊಳ್ಳುವುದಿಲ್ಲ, ತಾವೇ ಹೊಲಿಯುತ್ತಾರೆ. ಮೊದಲ ಸಲ ಹೊಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ಚೀಲ ಅತಿ ದೊಡ್ಡದಾಗುವುದು. ದೊಡ್ಡ ಚೀಲ ಬೇಡದ್ದನ್ನೆಲ್ಲ ನುಂಗುತ್ತದೆ. ಬೇಕಾದದ್ದು ಅಡಿಗೆ ಇಳಿಯುತ್ತದೆ. ಅನುಭವಿಗಳು ಸುಮಾರು ಎಂಟು ಅಂಗುಲ ಅಗಲ, ಅಷ್ಟೇ ಎತ್ತರ ಸಾಕೆನ್ನುತ್ತಾರೆ. ಪಟ್ಟಿಯ ಉದ್ದವೂ ಅಷ್ಟೇ ಮುಖ್ಯ. ಚೀಲದ ಬಾಯಿ ಮೊಣಕೈ ಹತ್ತಿರ ಬಂದರೆ ಕೈ ನೋಡದೆಯೇ ಒಳಗೆ ಹೋಗುತ್ತದೆ. ಪಟ್ಟಿ ಉದ್ದವಾದರೆ ಓಡುವಾಗ ಚೀಲ ತೊಡೆಗೆ ಬಡಿಯುತ್ತದೆ.

ಕೆಲಸ ಶುರುವಾಗುವುದು ಕತ್ತರಿಯಿಂದಲ್ಲ. ಇಡಬೇಕಾದ ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿ, ಬಳಸುವ ಕ್ರಮದಲ್ಲಿ ಜೋಡಿಸಿ, ಆಮೇಲೆ ರಟ್ಟಿನಲ್ಲಿ ನಮೂನೆ ಕತ್ತರಿಸಬೇಕು. ಹಳೆಯ ಬಟ್ಟೆಯಲ್ಲಿ ಒಮ್ಮೆ ಹೊಲಿದು ನೋಡಿದರೆ ಇನ್ನೂ ಒಳ್ಳೆಯದು. ಬಟ್ಟೆಯ ಹೊಲಿಗೆ ಬಿಚ್ಚಬಹುದು. ಚರ್ಮಕ್ಕೆ ಬಿದ್ದ ತೂತು ಮುಚ್ಚುವುದಿಲ್ಲ. ಚರ್ಮ ಒಂದೂವರೆ ಮಿಲಿಮೀಟರ್ ದಪ್ಪ ಇದ್ದರೆ ಸಾಕು. ಅದು ಮರದ ತೊಗಟೆಯಲ್ಲಿ ಹದ ಮಾಡಿದ್ದಾಗಿರಬೇಕು. ಅಲ್ಲಿ ಓಕ್ ಮರದ ತೊಗಟೆ. ನಮ್ಮಲ್ಲಿ ಜಾಲಿ ತೊಗಟೆ, ಅಳಲೆಕಾಯಿ.

ಮುಂಭಾಗ, ಹಿಂಭಾಗಗಳ ನಡುವೆ ಚರ್ಮದ ಒಂದು ಕಿರುಪಟ್ಟಿ ಇಟ್ಟು, ಒಳಮೈ ಹೊರಗೆ ಮಾಡಿ ಹೊಲಿಯುತ್ತಾರೆ. ಆ ಪಟ್ಟಿ ಹೊಲಿಗೆಯನ್ನು ಉಜ್ಜಾಟದಿಂದ ಕಾಯುತ್ತದೆ. ಹೊಲಿದಾದ ಮೇಲೆ ಚರ್ಮವನ್ನು ಒದ್ದೆ ಮಾಡಿ ಮೆಲ್ಲಗೆ ಮಗುಚುತ್ತಾರೆ. ಜೇನುಮೇಣ ಸವರಿದ ಒಂದೇ ದಾರದ ಎರಡೂ ತುದಿಗೆ ಒಂದೊಂದು ಸೂಜಿ. ಮೊದಲೇ ಕೊರೆದ ಪ್ರತಿ ತೂತಿನಲ್ಲೂ ಎರಡು ಸೂಜಿ ಎದುರುಬದುರಾಗಿ ಹಾಯುತ್ತವೆ. ಮಿಷನ್ ಹೊಲಿಗೆಯಲ್ಲಿ ಒಂದು ಎಳೆ ಕಡಿದರೆ ಪಕ್ಕದ ಹೊಲಿಗೆಗಳೂ ಸಡಿಲವಾಗುತ್ತವೆ. ಇಲ್ಲಿ ಹಾಗಲ್ಲ, ಒಂದು ಎಳೆ ಸವೆದು ಹೋದರೂ ಇನ್ನೊಂದು ಹಿಡಿದಿರುತ್ತದೆ.

ಕೈಹೊಲಿಗೆಯ ಈ ಗಟ್ಟಿತನ ನಮಗೆ ಹೊಸದಲ್ಲ. ನಮ್ಮ ಅಥಣಿಯ ಕುಶಲಕರ್ಮಿಗಳು ಕೊಲ್ಹಾಪುರಿ ಚಪ್ಪಲಿಯನ್ನು ಮೊಳೆಯಿಲ್ಲದೆ, ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಆದರೆ ಆ ಕೈಗಳು ಬಲ್ಲ ವಿದ್ಯೆಯನ್ನು ‘ಓದಲಾರದವರ ಕೆಲಸ’ ಎಂದು ಮನೆಗಳಲ್ಲಿ ನಾವೇ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಒಂದು ಅಂಗುಲಕ್ಕೆ ಏಳು ಸಮನಾದ ಹೊಲಿಗೆ ಹಾಕಲು ಕೂತ ಮಗುವಿಗೆ ಆ ಮಾತು ಎಷ್ಟು ಸುಳ್ಳೆಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಬಂದೂಕಿಗೆ ಪರವಾನಗಿ ಬೇಕು, ಚೀಲಕ್ಕೆ ಬೇಡ. ಈ ರಜೆಯಲ್ಲಿ ಕೈವಾರ, ಕೋನಮಾಪಕ, ಪೆನ್ಸಿಲು, ರಬ್ಬರುಗಳನ್ನು ಮೇಜಿನ ಮೇಲೆ ಹರಡಿ ಅವಕ್ಕೊಂದು ಚೀಲ ಹೊಲಿಯಿರಿ. ಯಾವುದು ಮೊದಲು ಕೈಗೆ ಸಿಗಬೇಕು ಎಂದು ಯೋಚಿಸಿಯೇ ನಮೂನೆ ಬರೆಯಿರಿ. ಪೋಷಕರು ತೂತು ಕೊರೆಯುವಾಗ ಪಕ್ಕದಲ್ಲಿ ಇದ್ದರೆ ಸಾಕು. ಹೊಲಿಗೆ ಸೊಟ್ಟಗಾಯಿತೆಂದು ಸೂಜಿಯನ್ನು ಕಿತ್ತುಕೊಂಡು ತಾವೇ ಮುಗಿಸಿಕೊಡುವುದು ಬೇಡ. ಸೊಟ್ಟ ಹೊಲಿಗೆಯ ಚೀಲವೂ ಪರೀಕ್ಷೆಯ ದಿನ ರಬ್ಬರನ್ನು ಸರಿಯಾದ ಹೊತ್ತಿಗೆ ಕೈಗೆ ಕೊಡುತ್ತದೆ.