ಲೆಕ್ಕಕ್ಕೆ ಹೆದರುವ ವ್ಯಾಪಾರಿಗಳು

ಕಳೆದ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನನ್ನ ತಂಗಿಯ ಮಗಳನ್ನು ಕರೆದುಕೊಂಡು ನಮ್ಮ ಕಡೆಯ ಒಂದು ಪದವಿಪೂರ್ವ ಕಾಲೇಜಿಗೆ ಹೋಗಿದ್ದೆ. ಹುಡುಗಿ ಗಣಿತದಲ್ಲಿ ನೂರಕ್ಕೆ 81 ತೆಗೆದಿದ್ದಳು. ಕಾಮರ್ಸ್ ಓದಿ ಮುಂದೆ ಎಂ.ಬಿ.ಎ. ಮಾಡಬೇಕೆಂಬುದು ಅವಳ ಆಸೆ. ಗುಮಾಸ್ತರು ತಲೆಯೆತ್ತದೆ ಅರ್ಜಿಯ ಮೇಲೆ ಎಚ್.ಇ.ಬಿ.ಎ. ಎಂದು ಬರೆದೇಬಿಟ್ಟರು. ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಸಂಖ್ಯಾಶಾಸ್ತ್ರ ಇಲ್ಲವೇ ಮೂಲ ಗಣಿತ ಇರುವ ಕಾಂಬಿನೇಷನ್ ಕೊಡಿ ಎಂದೆ. ಪಕ್ಕದಲ್ಲಿದ್ದ ಉಪನ್ಯಾಸಕರೊಬ್ಬರು ನಕ್ಕು, 'ಯಾಕೆ ಸಾರ್ ಮಗೂಗೆ ತೊಂದರೆ ಕೊಡ್ತೀರಿ? ನಿಮ್ಮವರೆಲ್ಲ ಇದನ್ನೇ ತಗೊಳ್ಳೋದು' ಎಂದರು.

'ನಿಮ್ಮವರೆಲ್ಲ' ಎಂಬ ಮಾತು ನನಗೆ ಚುಚ್ಚಿತು. ಮನೆಗೆ ಬಂದು ಸಿಟ್ಟಿನಿಂದಲೇ ಈ ಮಾತನ್ನು ಹೇಳಿದಾಗ ನನ್ನ ತಾಯಿ, ಎಂಬತ್ತರ ಮುದುಕಿ, ಕೇಳಿದ್ದು ಇಷ್ಟೇ: 'ಲಡ್ಕೀಕು ಹಿಸಾಬ್ ಕೈಕು?' ಹುಡುಗಿಗೆ ಲೆಕ್ಕ ಯಾತಕ್ಕೆ? ಆಗ ನನ್ನ ಸಿಟ್ಟಿನ ಅರ್ಧ ಭಾಗ ಆ ಉಪನ್ಯಾಸಕರಿಂದ ಇಳಿದು ನಮ್ಮ ಮೇಲೆಯೇ ಬಂದು ಕೂತಿತು. ಅವರು ಆಡಿದ ಮಾತು ಅಸಭ್ಯವಾಗಿರಬಹುದು, ಸುಳ್ಳಾಗಿರಲಿಲ್ಲ.

ಒಂದು ಸಂಗತಿಯನ್ನು ಮೊದಲು ಸ್ಪಷ್ಟಪಡಿಸಬೇಕು. ಎಂ.ಬಿ.ಎ. ಸೇರಲು ಬಿ.ಕಾಂ. ಆಗಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಬಿ.ಬಿ.ಎ. ಆಗಬೇಕೆಂದೂ ಇಲ್ಲ. ಯಾವುದೇ ಪದವಿಯಲ್ಲಿ ಶೇಕಡಾ 50 ಅಂಕ ಇದ್ದರೆ ಅರ್ಜಿ ಹಾಕಬಹುದು. ಮೀಸಲು ವರ್ಗದವರಿಗೆ ಅದಕ್ಕೂ ಕಡಿಮೆ ಸಾಕು. ಕನ್ನಡ ಎಂ.ಎ. ಮಾಡಿದವನೂ ಕ್ಯಾಟ್ ಪರೀಕ್ಷೆ ಬರೆಯಬಹುದು. ಹಾಗಾದರೆ ಬಾಗಿಲಲ್ಲಿ ನಿಂತು ತಡೆಯುವವರು ಯಾರು? ಪರೀಕ್ಷೆಯನ್ನೇ ನೋಡಿ. ಕ್ಯಾಟ್‌ನಲ್ಲಿ ಮೂರು ಭಾಗ: ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವುದು, ಅಂಕಿಅಂಶದ ಕೋಷ್ಟಕ ನೋಡಿ ತರ್ಕ ಮಾಡುವುದು, ಲೆಕ್ಕ. ನಮ್ಮ ರಾಜ್ಯದ ಪಿಜಿಸಿಇಟಿಯಲ್ಲೂ ಇಂಗ್ಲಿಷ್, ತರ್ಕ ಮತ್ತು ಲೆಕ್ಕವನ್ನು ತಪ್ಪಿಸಿಕೊಳ್ಳಲಾಗದು. ಹನ್ನೆರಡನೆಯ ತರಗತಿ ಮುಗಿದೊಡನೆ ಐದು ವರ್ಷದ ಕೋರ್ಸಿಗೆ ಸೇರಿಸಿಕೊಳ್ಳುವ ವ್ಯವಸ್ಥೆಯನ್ನು ಇಂದೋರಿನ ಐಐಎಂ 2011ರಲ್ಲಿ ಶುರು ಮಾಡಿತು. ಅದರ ಪ್ರವೇಶ ಪರೀಕ್ಷೆಯಲ್ಲೂ ಲೆಕ್ಕವೇ ದೊಡ್ಡ ಪಾಲು. ಲೆಡ್ಜರ್ ಬರೆಯಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಶೇಕಡಾವಾರು, ಅನುಪಾತ, ಬೀಜಗಣಿತ, ಸರಾಸರಿ, ಇವನ್ನು ಕೇಳುತ್ತಾರೆ. ಇದೆಲ್ಲ ಬಹುಪಾಲು ಹತ್ತನೆಯ ತರಗತಿಯ ಆಸುಪಾಸಿನ ಲೆಕ್ಕ. ಆದರೆ ವೇಗವಾಗಿ ಮಾಡಬೇಕು, ಕೈಯಲ್ಲಿ ರೂಢಿ ಇರಬೇಕು.

ಈಗ ನಮ್ಮ ಹುಡುಗಿಯರ, ಹುಡುಗರ ದಾರಿ ನೋಡಿ. ಹದಿನಾರನೆಯ ವಯಸ್ಸಿನಲ್ಲಿ ಲೆಕ್ಕವನ್ನು ಕೈಬಿಡುತ್ತಾರೆ. ಪಿಯುಸಿಯ ಎರಡು ವರ್ಷ, ಪದವಿಯ ಮೂರು ವರ್ಷ, ಒಟ್ಟು ಐದು ವರ್ಷ ಡೆಬಿಟ್ಟು ಕ್ರೆಡಿಟ್ಟಿನ ಕೂಡು-ಕಳೆ ಬಿಟ್ಟರೆ ಗಣಿತವೆಂಬ ಗಣಿತದ ಮುಖ ನೋಡುವುದಿಲ್ಲ. ಇಪ್ಪತ್ತೊಂದನೆಯ ವಯಸ್ಸಿಗೆ ಕೋಚಿಂಗ್ ಸೆಂಟರಿನ ಬಾಗಿಲಿಗೆ ಹೋಗಿ ಸಾವಿರಾರು ರೂಪಾಯಿ ಕೊಟ್ಟು, ಬಿಟ್ಟುಹೋದ ಭಿನ್ನರಾಶಿಯನ್ನು ಮತ್ತೆ ಹುಡುಕುತ್ತಾರೆ. ಸಿಗದಿದ್ದಾಗ 'ನಮ್ಮ ಕಿಸ್ಮತ್' ಎನ್ನುತ್ತಾರೆ. ಇದು ಕಿಸ್ಮತ್ ಅಲ್ಲ. ಪ್ರಥಮ ಪಿಯುಸಿಯ ಅರ್ಜಿಯಲ್ಲಿ ಬೇರೆ ಯಾರೋ ತುಂಬಿದ ಒಂದು ಖಾನೆ.

ಕಾಮರ್ಸ್ ವಿಭಾಗದಲ್ಲಿ ಎರಡು ಭಾಷೆ, ನಾಲ್ಕು ವಿಷಯ, ಒಟ್ಟು 600 ಅಂಕ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಸಾಮಾನ್ಯವಾಗಿ ಎಲ್ಲರಿಗೂ ಬರುತ್ತವೆ. ಆಯ್ಕೆ ಇರುವುದು ನಾಲ್ಕನೆಯ ವಿಷಯದಲ್ಲಿ. ಇತಿಹಾಸವೋ, ಸಂಖ್ಯಾಶಾಸ್ತ್ರವೋ, ಮೂಲ ಗಣಿತವೋ, ಕಂಪ್ಯೂಟರೋ? ಇತಿಹಾಸವನ್ನು ನಾನು ಹಳಿಯುತ್ತಿದ್ದೇನೆಂದು ಓದುಗರು ತಿಳಿಯಬಾರದು. ಕತೆ ಬರೆಯುವ ನನಗೆ ಇತಿಹಾಸ ಅನ್ನ ಹಾಕಿದೆ. ಪ್ರೀತಿಯಿಂದ ಇತಿಹಾಸ ಓದುವವರು ಓದಲಿ. ಕಲಾ ವಿಭಾಗಕ್ಕೇ ಹೋಗಿ ಓದಲಿ, ನಾನೇ ಪುಸ್ತಕ ತಂದು ಕೊಡುತ್ತೇನೆ. ಆದರೆ 'ಸುಲಭ, ಬಾಯಿಪಾಠ ಮಾಡಿದರೆ ಸಾಕು' ಎಂದು ಇತಿಹಾಸವನ್ನು ಆರಿಸುವುದು ಇತಿಹಾಸಕ್ಕೂ ಅವಮಾನ, ಮಗುವಿಗೂ ಮೋಸ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. 'ಅಂಕವೂ ಬೇಕಲ್ಲ? ಒಳ್ಳೆಯ ಪದವಿ ಕಾಲೇಜು ಸಿಗುವುದು ದ್ವಿತೀಯ ಪಿಯುಸಿ ಅಂಕದ ಮೇಲೆ. 1973ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಐಐಎಂ ಕೂಡ ಸಂದರ್ಶನಕ್ಕೆ ಕರೆಯುವಾಗ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗಣಿತ ತೆಗೆದುಕೊಂಡು ಅಂಕ ಕೆಟ್ಟರೆ ಏನು ಗತಿ?' ಮಾತು ನಿಜ. ಆದರೆ ಸಂದರ್ಶನಕ್ಕೆ ಕರೆಯುವ ಮೊದಲು ಕ್ಯಾಟ್‌ನಲ್ಲಿ ಪ್ರತಿ ಭಾಗದಲ್ಲೂ ಇಂತಿಷ್ಟು ಬಂದಿರಬೇಕೆಂದು ಅದೇ ಸಂಸ್ಥೆ ಕೇಳುತ್ತದೆ. ಪಿಯುಸಿಯಲ್ಲಿ 95 ಇದ್ದು ಲೆಕ್ಕದಲ್ಲಿ ಮುಗ್ಗರಿಸಿದವರ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಮಾತು: ಸಂಖ್ಯಾಶಾಸ್ತ್ರ ಅಂಕ ತಿನ್ನುವ ಭೂತವಲ್ಲ. ಲೆಕ್ಕ ಸರಿಯಾದರೆ ಪೂರ್ತಿ ಅಂಕ. ಅದರಲ್ಲಿ ನೂರಕ್ಕೆ ನೂರು ತೆಗೆಯುವುದು ಪ್ರಬಂಧ ರೂಪದ ಉತ್ತರ ಬರೆದು ತೆಗೆಯುವುದಕ್ಕಿಂತ ಕಷ್ಟವಲ್ಲ. ಹತ್ತನೆಯಲ್ಲಿ 81 ತೆಗೆದ ಹುಡುಗಿಗೆ ಇದು ಎಟುಕದು ಎಂದು ತೀರ್ಮಾನಿಸಿದವರು ಯಾರು? ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಈ ಹೆದರಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು, ಏಕೆಂದರೆ ನಾನೂ ಹೆದರಿದವನೇ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದೆ. ಅಲ್ಲಿ ಭಿನ್ನರಾಶಿಗೆ 'ಕಸರ್', ತ್ರಿಭುಜಕ್ಕೆ 'ಮುಸಲ್ಲಸ್', ಶೇಕಡಾಕ್ಕೆ 'ಫೀಸದ್'. ಎಂಟನೆಯದಕ್ಕೆ ಕನ್ನಡ ಶಾಲೆಗೆ ಬಂದಾಗ ಲೆಕ್ಕ ಅದೇ ಇತ್ತು, ಹೆಸರು ಬದಲಾಗಿತ್ತು. ನನಗೆ ಗೊತ್ತಿದ್ದುದೂ ಗೊತ್ತಿಲ್ಲದಂತಾಯಿತು. ಮೇಷ್ಟ್ರು ದಡ್ಡ ಎಂದರು, ನಾನು ಒಪ್ಪಿಕೊಂಡೆ. ಪಿಯುಸಿಗೆ ಬಂದಾಗ ಅದು 'ಫ್ರ್ಯಾಕ್ಷನ್' ಆಯಿತು, ನಾನು ಓಡಿಹೋದೆ. ಉರ್ದು ಪ್ರೌಢಶಾಲೆ ಮುಗಿಸಿ ಇಂಗ್ಲಿಷಿನ ಕಾಲೇಜಿಗೆ ಬರುವ ಮಕ್ಕಳು ಇಂದಿಗೂ ಇದೇ ಹೊಸ್ತಿಲಲ್ಲಿ ಎಡವುತ್ತಾರೆ. ಅವರಿಗೆ ಬರದಿರುವುದು ಗಣಿತವಲ್ಲ, ಗಣಿತದ ಮೂರನೆಯ ಹೆಸರು. ಜೂನ್ ತಿಂಗಳ ಮೂರು ವಾರ ಕೂರಿಸಿಕೊಂಡು ಆ ಹೆಸರುಗಳನ್ನು ಹೊಂದಿಸಿಕೊಟ್ಟರೆ ಮುಗಿಯುವ ಕೆಲಸ ಇದು. ಆ ಮೂರು ವಾರ ಕೊಡುವ ಬದಲು ನಾವು ಅವರಿಗೆ ಐದು ವರ್ಷದ 'ಸುಲಭ'ವನ್ನು ಕೊಡುತ್ತಿದ್ದೇವೆ.

ನಮ್ಮ ಬಿರಾದರಿಯ ಹಿರಿಯರ ಜೊತೆ ಜಗಳವಾಡದೆ ಈ ಲೇಖನ ಮುಗಿಯದು. 'ವ್ಯಾಪಾರ ನಮ್ಮ ರಕ್ತದಲ್ಲಿದೆ, ತಿಜಾರತ್ ಸುನ್ನತ್' ಎಂದು ಎದೆ ತಟ್ಟಿಕೊಳ್ಳುವವರು ನೀವು. ಒಳ್ಳೆಯದು. ಕುರ್‌ಆನಿನ ಅತಿ ದೀರ್ಘವಾದ ಆಯತ್ ಯಾವುದರ ಬಗ್ಗೆ ಇದೆ? ಸ್ವರ್ಗದ ಬಗ್ಗೆಯಲ್ಲ, ನರಕದ ಬಗ್ಗೆಯಲ್ಲ. ಸೂರ ಬಕರದ 282ನೆಯ ಆ ಆಯತ್ ಇರುವುದು ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ, ಸಣ್ಣದಾದರೂ ದೊಡ್ಡದಾದರೂ ಬರೆಯಲು ಬೇಸರಪಡಬಾರದೆಂಬುದರ ಬಗ್ಗೆ. ವಾರಸಾ ಹಂಚಿಕೆಯ ನಿಯಮಗಳು ಇರುವುದು ಅರ್ಧ, ಕಾಲು, ಎಂಟನೆಯ ಒಂದು, ಆರನೆಯ ಒಂದು ಎಂಬ ಭಿನ್ನರಾಶಿಗಳಲ್ಲಿ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಬರೆದ ಪುಸ್ತಕದ ಹೆಸರಿನಲ್ಲಿದ್ದ 'ಅಲ್ ಜಬ್ರ್' ಎಂಬ ಪದವೇ ಇವತ್ತಿನ ಆಲ್ಜಿಬ್ರಾ. ಆತ ಅದನ್ನು ಬರೆದದ್ದು ವಾರಸಾ ಪಾಲು, ವ್ಯಾಪಾರ, ಭೂಮಿಯ ಅಳತೆಗಳಲ್ಲಿ ಜನಕ್ಕೆ ಉಪಯೋಗವಾಗಲೆಂದು. ಸಭೆ ಸಮಾರಂಭಗಳಲ್ಲಿ 'ಆಲ್ಜಿಬ್ರಾ ನಾವು ಕೊಟ್ಟದ್ದು' ಎಂದು ಭಾಷಣ ಮಾಡುವ ನಾವು, ಮಾರನೆಯ ದಿನ ಕಾಲೇಜಿನ ಕಿಟಕಿಯ ಮುಂದೆ 'ಆಲ್ಜಿಬ್ರಾ ಇಲ್ಲದ್ದು ಯಾವುದಿದೆ ಸಾರ್?' ಎಂದು ಕೇಳುತ್ತೇವೆ.

ಹುಡುಗಿಯರ ವಿಷಯದಲ್ಲಂತೂ ನಮ್ಮ ನಡತೆ ಇನ್ನೂ ವಿಚಿತ್ರ. ಬೀಬಿ ಖದೀಜಾ ಮಕ್ಕಾದ ದೊಡ್ಡ ವ್ಯಾಪಾರಿಯಾಗಿದ್ದರು, ಪ್ರವಾದಿಯವರು ಅವರ ಸರಕನ್ನು ಶಾಮ್ ದೇಶಕ್ಕೆ ಒಯ್ದಿದ್ದರು ಎಂದು ಮೀಲಾದಿನ ಪ್ರತಿ ಜಲ್ಸಾದಲ್ಲಿ ಕೇಳುತ್ತೇವೆ, ಕಣ್ಣೊದ್ದೆ ಮಾಡಿಕೊಳ್ಳುತ್ತೇವೆ. ಮನೆಯ ಹುಡುಗಿ ಲಾಭ-ನಷ್ಟದ ಶೇಕಡಾವಾರು ಕಲಿಯುತ್ತೇನೆಂದರೆ 'ಕೈಕು?' ಎನ್ನುತ್ತೇವೆ. ಕಾಮರ್ಸ್ ಎಂಬುದು ಅವಳಿಗೆ ಗಂಡು ಹುಡುಕುವವರೆಗಿನ ವಿಶ್ರಾಂತಿ ಕೊಠಡಿ.

ಇದರ ಬೆಲೆ ಎಷ್ಟೆಂಬುದು ಕಾಗದದಲ್ಲಿದೆ. 2006ರಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿ ಐಐಎಂಗಳ ಲೆಕ್ಕವನ್ನೂ ತೆಗೆದಿತ್ತು. ಆಗಿನ ಎಲ್ಲ ಐಐಎಂಗಳ ಎಲ್ಲ ಕೋರ್ಸುಗಳಲ್ಲಿ ಓದುತ್ತಿದ್ದ 4743 ಜನರಲ್ಲಿ ಮುಸ್ಲಿಮರು 63. ಶೇಕಡಾ 1.3. ಈ ವರದಿಯನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಉಲ್ಲೇಖಿಸಿದ್ದೇವೆ, ಸರ್ಕಾರಗಳನ್ನು ಬೈದಿದ್ದೇವೆ. ಬೈಯಬೇಕಾದದ್ದೇ. ಸರ್ಕಾರದ ತಪ್ಪು ಸಣ್ಣದಲ್ಲ: ಹೊಸ ಕಾಂಬಿನೇಷನ್ ತೆರೆಯಲು ಇಲಾಖೆಯ ಅನುಮತಿ ಬೇಕು, ಸಂಖ್ಯಾಶಾಸ್ತ್ರದ ಹುದ್ದೆ ಬೇಕು. ಬಡವರ ಮಕ್ಕಳು ಹೋಗುವ ಕಾಲೇಜುಗಳಲ್ಲಿ ಅದು ಇರುವುದಿಲ್ಲ, ಇದ್ದಲ್ಲಿ ಫೀಸು ಕಟ್ಟಲಾಗುವುದಿಲ್ಲ. 2023ರ ಮಾರ್ಚಿನಲ್ಲಿ ಆಗಿನ ರಾಜ್ಯ ಸರ್ಕಾರ 2ಬಿ ಪ್ರವರ್ಗದ ಶೇಕಡಾ 4ರ ಮೀಸಲಾತಿಯನ್ನು ತೆಗೆಯಹೊರಟಾಗ ಸುಪ್ರೀಂ ಕೋರ್ಟಿನವರೆಗೆ ಹೋದೆವು, ಸರಿಯಾಗಿಯೇ ಹೋದೆವು. ಆದರೆ ಉಳಿಸಿಕೊಂಡ ಆ ಸೀಟಿನಲ್ಲಿ ಕೂರಲು ಪರೀಕ್ಷೆ ಬರೆಯುವ ಮಗು ಬೇಕಲ್ಲ? ಆ ಮಗುವನ್ನು ಕೋರ್ಟು ತಯಾರು ಮಾಡಿಕೊಡುವುದಿಲ್ಲ.

ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತಿರುವ ಕತೆ. ರ್‍ಯಾಂಕು ಬರದ ಹುಡುಗನಿಗಾಗಿ ಅಪ್ಪ ಸೈಟು ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುತ್ತಾನೆ. ಗ್ರಂಥಾಲಯಕ್ಕಿಂತ ಸ್ವಾಗತ ಕೊಠಡಿ ದೊಡ್ಡದಾಗಿರುವ ಯಾವುದೋ ಸಂಸ್ಥೆಯಲ್ಲಿ ಎರಡು ವರ್ಷ ಟೈ ಕಟ್ಟಿಕೊಂಡು ಓದಿ ಬಂದವನು ಬೀದಿ ಬೀದಿ ಸುತ್ತಿ ಕ್ರೆಡಿಟ್ ಕಾರ್ಡು ಮಾರುತ್ತಾನೆ. ದುಡಿಮೆಯಲ್ಲಿ ಅವಮಾನವಿಲ್ಲ. ಆದರೆ ಅದಕ್ಕೆ ಸೈಟು ಮಾರಬೇಕಿರಲಿಲ್ಲ.

ಸರ್ಕಾರದ ನೀತಿಗಳನ್ನು ಕಾಯುತ್ತ ಕೂರುವುದರಲ್ಲೂ ಅರ್ಥವಿಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿ ಎಂದು ನಾಲ್ಕು ವರ್ಷದ ಪದವಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದರು. ಬಿ.ಬಿ.ಎಂ. ಹೋಗಿ ಬಿ.ಬಿ.ಎ. ಆಯಿತು, 2024ರಿಂದ ಅದಕ್ಕೆ ಎಐಸಿಟಿಇ ಅನುಮೋದನೆ ಬೇಕಾಯಿತು. ಬೋರ್ಡುಗಳು ಬದಲಾಗುತ್ತಲೇ ಇರುತ್ತವೆ. ಇಷ್ಟೆಲ್ಲದರ ನಡುವೆ ಬದಲಾಗದೆ ಉಳಿದದ್ದು ಪ್ರವೇಶ ಪರೀಕ್ಷೆಯ ಲೆಕ್ಕ ಮತ್ತು ಇಂಗ್ಲಿಷ್ ಓದು.

ನಮ್ಮ ಜಮಾತುಗಳು, ಸಂಘಗಳು ಪ್ರತಿವರ್ಷ ಶೇಕಡಾ 85ಕ್ಕಿಂತ ಹೆಚ್ಚು ತೆಗೆದ ಮಕ್ಕಳಿಗೆ ಶಾಲು ಹೊದಿಸಿ, ಫಲಕ ಕೊಟ್ಟು, ಬಿರಿಯಾನಿ ಊಟ ಹಾಕಿ ಕಳಿಸುತ್ತವೆ. ಅಂಕವೊಂದೇ ದೊಡ್ಡದೆಂಬ ಪಾಠ ಮಕ್ಕಳಿಗೆ ಅಲ್ಲಿಯೇ ಸಿಗುತ್ತದೆ. ಆ ದುಡ್ಡಿನಲ್ಲಿ ನಾನು ಕೇಳುವುದು ಮೂರು ಕೆಲಸ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನದಿಂದ ಅರ್ಜಿ ತುಂಬುವವರೆಗೆ ಮಸೀದಿಯ ಪಕ್ಕದ ಹಾಲಿನಲ್ಲಿ ಒಬ್ಬ ತಿಳಿದವರನ್ನು ಕೂರಿಸಿ. ಯಾವ ಕಾಂಬಿನೇಷನ್ ಎಲ್ಲಿಗೆ ಒಯ್ಯುತ್ತದೆಂದು ಅವರು ತಾಯಂದಿರಿಗೆ ಹೇಳಲಿ. ಉರ್ದು ಶಾಲೆಯಿಂದ ಬಂದ ಮಕ್ಕಳಿಗೆ ಮೂರು ವಾರ ಲೆಕ್ಕದ ಹೆಸರುಗಳನ್ನು ಕಲಿಸಿ. ನಮ್ಮವರೇ ನಡೆಸುವ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರಕ್ಕೆ ಅನುಮತಿ ತಂದು ಒಬ್ಬ ಉಪನ್ಯಾಸಕರಿಗೆ ಸಂಬಳ ಕೊಡಿ. ಶಾಲು ಇಲ್ಲದಿದ್ದರೂ ನಡೆಯುತ್ತದೆ.

ನನ್ನ ತಂಗಿಯ ಮಗಳ ವಿಷಯ ಹೇಳಬೇಕು. ಸಂಖ್ಯಾಶಾಸ್ತ್ರ ಇದ್ದ ಕಾಲೇಜು ಹದಿನಾಲ್ಕು ಕಿಲೋಮೀಟರ್ ದೂರ. ಬಸ್ಸಿನ ಪಾಸಿಗೆ, ಮನೆಯ ಅನುಮತಿಗೆ ಎರಡು ವಾರ ಹೋರಾಡಿದಳು. ಮೊದಲ ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ 22 ಬಂತು. 'ನೋಡಿದೆಯಾ?' ಎಂದು ನನ್ನನ್ನು ಎಲ್ಲರೂ ತಿವಿದರು. ಅವಳು ಮಾತ್ರ ಪುಸ್ತಕ ಮುಚ್ಚಲಿಲ್ಲ. ಅರ್ಧವಾರ್ಷಿಕದಲ್ಲಿ ನೂರಕ್ಕೆ 68 ಬಂದಿದೆ. ಅವಳು ಐಐಎಂಗೆ ಹೋಗುತ್ತಾಳೋ ಇಲ್ಲವೋ ನಾನು ಹೇಳಲಾರೆ. ಬಾಗಿಲವರೆಗೆ ಹೋಗಿ ತಟ್ಟುವ ಹಕ್ಕನ್ನಂತೂ ಉಳಿಸಿಕೊಂಡಿದ್ದಾಳೆ. ಮೊನ್ನೆ ನನ್ನ ತಾಯಿ ತನ್ನ ಪಿಂಚಣಿಯ ಪಾಸ್ ಬುಕ್ಕನ್ನು ಅವಳ ಮುಂದೆ ಹಿಡಿದು, ಬ್ಯಾಂಕಿನವರು ಹಿಡಿದುಕೊಂಡದ್ದು ಎಷ್ಟೆಂದು ಕೇಳುತ್ತಿದ್ದರು. ಹುಡುಗಿಗೆ ಲೆಕ್ಕ ಯಾತಕ್ಕೆಂದು ಆಗ ನಾನು ಕೇಳಬಹುದಿತ್ತು. ಕೇಳಲಿಲ್ಲ.