ಚಿತ್ರಕಥೆಗಾರರ ಜಾತ್ರೆ: ಒಂದು ಪೂರ್ವಪಕ್ಷಕ್ಕೆ ಉತ್ತರ

ಕಳೆದ ತಿಂಗಳ ನಮ್ಮ ಸಂಘದ ಸಭೆಯಲ್ಲಿ ತರುಣ ಸದಸ್ಯರೊಬ್ಬರು, ಬರುವ ವಾರ್ಷಿಕೋತ್ಸವಕ್ಕೆ ಆಹ್ವಾನಿಸತಕ್ಕ ಅತಿಥಿಗಳ ಪಟ್ಟಿಯಲ್ಲಿ ಒಬ್ಬ ಚಿತ್ರಕಥೆಗಾರರ ಹೆಸರನ್ನೂ ಸೇರಿಸಬೇಕೆಂದು ಸೂಚಿಸಿದರು. ಸೂಚನೆಯು ಅನುಮೋದನೆಗೆ ಬರುವ ಮೊದಲೇ ನಗೆಯಲ್ಲಿ ಮುಳುಗಿಹೋಯಿತು. ನನಗೆ ಬಹುಕಾಲದ ಮಿತ್ರರೂ ವಿದ್ಯಾವೃದ್ಧರೂ ಆದ ಹಿರಿಯರೊಬ್ಬರು ಎದ್ದು, “ಪಟ್ಟಣಗಳಲ್ಲಿ ಕಾಮಿಕ್ ಕಾನ್ ಎಂಬ ಸಂತೆ ನೆರೆಯುತ್ತದೆಯಂತೆ, ಅಲ್ಲಿ ಪ್ರಾಯಕ್ಕೆ ಬಂದವರು ಬಾವಲಿಯ ವೇಷ ಹಾಕಿ ಕುಣಿಯುವರಂತೆ, ನಮ್ಮ ಸಂಘವೂ ಆ ಸಂತೆಯ ಅಂಗಡಿಯಾಗಬೇಕೆ?” ಎಂದು ಕೇಳಿದರು. ಸಭೆಯು ಕೈತಟ್ಟಿತು. ಆ ದಿನ ನಾನು ಸುಮ್ಮನಿದ್ದೆನು. ಸುಮ್ಮನಿದ್ದುದು ತಪ್ಪೆಂದು ಮನಸ್ಸು ಅಂದಿನಿಂದ ಚುಚ್ಚುತ್ತಿರುವುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ಪೂರ್ವಪಕ್ಷವನ್ನು ನ್ಯಾಯವಾಗಿ ಅನುವಾದ ಮಾಡಿದ ಮೇಲೆಯೇ ಖಂಡಿಸತಕ್ಕದ್ದೆಂದು ಪಾಠಶಾಲೆಯಲ್ಲಿ ನನ್ನ ಗುರುಗಳು ಕಲಿಸಿದರು. ನನ್ನ ಮಿತ್ರರ ಆಕ್ಷೇಪಗಳು ಮೂರು. ಚಿತ್ರದಲ್ಲಿ ಕಥೆ ಹೇಳುವುದು ಬಾಲಿಶವಾದುದು, ಅದರಿಂದ ವಾಚನಶಕ್ತಿ ಕುಂದುವುದು; ವೇಷ ಕಟ್ಟುವುದು ವಿದೂಷಕತನ; ಇಂತಹ ಸಮ್ಮೇಳನವು ವ್ಯಾಪಾರವೇ ಹೊರತು ವಿದ್ವದ್ಗೋಷ್ಠಿಯಲ್ಲ. ಇವುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು. ಭವಭೂತಿಯ ಉತ್ತರರಾಮಚರಿತದ ಪ್ರಥಮಾಂಕವನ್ನು ನನ್ನ ಮಿತ್ರರು ಎಷ್ಟು ಸಲ ಪಾಠ ಹೇಳಿರುವರೋ ನಾನು ಬಲ್ಲೆನು. ಅಲ್ಲಿ ಸೀತಾರಾಮಲಕ್ಷ್ಮಣರು ನೋಡುವುದೇನನ್ನು? ತಮ್ಮದೇ ಚರಿತ್ರೆಯನ್ನು ಕ್ರಮವಾಗಿ ಬರೆದಿಟ್ಟ ಚಿತ್ರಾವಳಿಯನ್ನು. ಮುದ್ರಾರಾಕ್ಷಸದಲ್ಲಿ ಚಾಣಕ್ಯನ ಚಾರನು ಮನೆಮನೆಗೆ ಹೊತ್ತು ತಿರುಗುವುದೇನು? ಯಮಪಟವನ್ನು. ಗ್ರಂಥಗಳು ಹಾಗಿರಲಿ, ತರೀಕೆರೆಯ ಸಮೀಪದ ಅಮೃತಾಪುರಕ್ಕೆ ಹೋಗಿ ನೋಡಿರಿ. ಇಸವಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ತೆರೆದ ಮಂಟಪದ ಗೋಡೆಯ ಹೊರಮೈಯಲ್ಲಿ ರಾಮಾಯಣವು 70 ಫಲಕಗಳಲ್ಲಿಯೂ, ಕೃಷ್ಣಕಥೆಯು 25 ಫಲಕಗಳಲ್ಲಿಯೂ, ಭಾರತವು 45 ಫಲಕಗಳಲ್ಲಿಯೂ ಸಾಲಾಗಿ ನಿಂತಿರುವುವು. ಒಂದು ಚೌಕದಿಂದ ಮತ್ತೊಂದು ಚೌಕಕ್ಕೆ ಕಣ್ಣು ಸರಿದಂತೆ ಕಥೆ ಮುಂದುವರಿಯುವುದು. ಇಂದಿನ ಚಿತ್ರಕಥೆಯ ವ್ಯಾಕರಣವೂ ಇದೇ ಅಲ್ಲವೆ? ಕಲ್ಲಿನಲ್ಲಿದ್ದರೆ ಕೈಮುಗಿದು ಪ್ರದಕ್ಷಿಣೆ ಬರುವುದು, ಕಾಗದದ ಮೇಲಿದ್ದರೆ ಕಸದ ಬುಟ್ಟಿಗೆ ಎಸೆಯುವುದು, ಇದು ಯಾವ ಶಾಸ್ತ್ರದಲ್ಲಿ ಹೇಳಿದ ವಿವೇಕ?

ಇನ್ನು ಕನ್ನಡಿಗರಿಗೆ ಈ ಕಲೆ ಪರಕೀಯವೆಂಬ ಮಾತೂ ನಿಲ್ಲುವಂತಹುದಲ್ಲ. ಅಮರ ಚಿತ್ರ ಕಥೆಯ ಇಂಗ್ಲಿಷ್ ಮಾಲೆಯು 11ನೆಯ ಸಂಖ್ಯೆಯ ಕೃಷ್ಣನಿಂದ ಆರಂಭವಾಗುವುದೇಕೆಂದು ಎಷ್ಟು ಜನ ವಿಚಾರಿಸಿರುವರು? ಅದಕ್ಕೆ ಮೊದಲಿನ ಹತ್ತು ಪುಸ್ತಕಗಳು 1965ರ ಸುಮಾರಿಗೆ ಕನ್ನಡದಲ್ಲಿ ಪ್ರಕಟವಾದುವು. ಆ ಮಾಲೆಯನ್ನು ದೇಶದ ಮಕ್ಕಳಿಗೆಲ್ಲ ಮುಟ್ಟಿಸಿದ ಅನಂತ ಪೈಯವರು ಹುಟ್ಟಿದುದು ನಮ್ಮ ಕಾರ್ಕಳದಲ್ಲಿ. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಭಾರತದ ಪ್ರಥಮ ಕಾಮಿಕ್ ಕಾನ್ ನೆರೆದಾಗ ಜೀವಮಾನದ ಸಾಧನೆಯ ಪ್ರಶಸ್ತಿಯು ಅವರಿಗೆ ಸಂದಿತು. ಅದೇ ತಿಂಗಳ 24ರಂದು ಅವರು ತೀರಿಕೊಂಡರು. ನಮ್ಮ ಜಿಲ್ಲೆಗಳ ಸಾಹಿತ್ಯ ಸಂಘಗಳಲ್ಲಿ ಎಷ್ಟು ಅವರನ್ನು ಬದುಕಿದ್ದಾಗ ವೇದಿಕೆಗೆ ಕರೆದಿದ್ದುವು? ನಮ್ಮದಂತೂ ಕರೆದಿರಲಿಲ್ಲ.

ಇಲ್ಲಿ ನನ್ನ ಒಂದು ಪಾಪವನ್ನು ಹೇಳಿಕೊಳ್ಳಬೇಕಾಗಿದೆ. ನಾನು ಮೇಷ್ಟರಾಗಿದ್ದ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗನು ಶಬ್ದರೂಪಗಳನ್ನು ಬರೆಯಬೇಕಾದ ಪುಸ್ತಕದ ಹಿಂಬದಿಯಲ್ಲಿ ಚೌಕಗಳನ್ನು ಗೀಟಿ, ತನ್ನ ಊರಿನ ಕೆರೆ ಒಡೆದ ಕಥೆಯನ್ನು ಚಿತ್ರಿಸಿದ್ದನು. ನಾನು ಅದನ್ನು ತರಗತಿಯ ಮುಂದೆ ಎತ್ತಿ ತೋರಿಸಿ ಹರಿದುಹಾಕಿದೆನು. ಅವನು ಅಳಲಿಲ್ಲ, ಆದರೆ ಆ ಮೇಲೆ ಅವನು ಚಿತ್ರ ಬರೆದುದನ್ನು ನಾನು ಕಾಣಲಿಲ್ಲ. ಅಮೇರಿಕದ ಪ್ರಸಿದ್ಧ ಲೇಖಕ ರೇ ಬ್ರಾಡ್ಬರಿಯು ಬಾಲ್ಯದಲ್ಲಿ ವೃತ್ತಪತ್ರಿಕೆಯ ಚಿತ್ರಕಥೆಗಳನ್ನು ಕತ್ತರಿಸಿ ಕೂಡಿಡುತ್ತಿದ್ದನಂತೆ. ಸಹಪಾಠಿಗಳು ಹಾಸ್ಯ ಮಾಡಲು ನಾಚಿ ಎಲ್ಲವನ್ನೂ ಹರಿದುಹಾಕಿ, ಅನಂತರ ದುಃಖಿಸಿ, ಮತ್ತೆ ಮೊದಲಿನಿಂದ ಕೂಡಿಡತೊಡಗಿದನಂತೆ. ತಾನು ಬರೆಹಗಾರನಾದುದು ಆ ಎರಡನೆಯ ನಿರ್ಧಾರದಿಂದಲೇ ಎಂಬ ಭಾವವನ್ನು ಅವನು ಹಲವು ಸಲ ಹೇಳಿಕೊಂಡಿರುವನು. ನನ್ನ ಶಿಷ್ಯನಿಗೆ ಆ ಎರಡನೆಯ ಧೈರ್ಯ ಒದಗಿತೋ ಇಲ್ಲವೋ ನಾನರಿಯೆ. ವಾಚನಶಕ್ತಿ ಕುಂದುವುದೆಂದು ಹೆದರುವವರು ನಮ್ಮ ಕೈಗಳು ಕುಂದಿಸಿದ ಶಕ್ತಿಯ ಲೆಕ್ಕವನ್ನೂ ಇಡಬೇಕು.

ಎರಡನೆಯ ಆಕ್ಷೇಪವು ವೇಷದ ವಿಷಯ. ಭರತಮುನಿಯು ಅಭಿನಯವನ್ನು ನಾಲ್ಕಾಗಿ ವಿಭಾಗಿಸಿ ಆಹಾರ್ಯಕ್ಕೂ ಒಂದು ಪೀಠವನ್ನು ಕೊಟ್ಟಿರುವನು. ಕರಾವಳಿಯಲ್ಲಿ ರಾತ್ರಿ ಯಕ್ಷಗಾನ ನೋಡಿ ಬಂದ ಹುಡುಗನು ಬೆಳಗ್ಗೆ ಅಡಕೆಯ ಹಾಳೆಯಲ್ಲಿ ಕಿರೀಟ ಮಾಡಿಕೊಂಡು ಅಂಗಳದಲ್ಲಿ ಅರ್ಜುನನಾಗುವನು. ಅವನನ್ನು ನಾವು ಗದರಿಸುವೆವೆ? ಈ ಸಮ್ಮೇಳನಗಳಲ್ಲಿ ವೇಷ ಹಾಕುವ ತರುಣರು ತಿಂಗಳುಗಟ್ಟಲೆ ಕುಳಿತು ರಟ್ಟನ್ನೂ ಬಟ್ಟೆಯನ್ನೂ ಕತ್ತರಿಸಿ ಹೊಲಿದು ಬಣ್ಣ ಬಳಿದು ತಮ್ಮ ಕವಚಗಳನ್ನು ತಾವೇ ಕಟ್ಟುವರು. ಕಥೆಯೊಂದನ್ನು ಪ್ರೀತಿಸಿ ಅದರೊಳಗೆ ಹೊಕ್ಕು ಬರಬೇಕೆಂಬ ಆಸೆ ವಿದೂಷಕತನವಲ್ಲ. ಅದು ರಸಿಕತೆಯ ಮೊದಲ ಮೆಟ್ಟಿಲು.

ಮೂರನೆಯದೇ ಮುಖ್ಯವಾದುದು. ವ್ಯಾಪಾರವಿಲ್ಲವೆಂದು ನಾನು ಹೇಳಲಾರೆ. ತೇರು ಎಳೆಯುವಲ್ಲಿ ಬತ್ತಾಸಿನ ಅಂಗಡಿಯೂ ಇರುವುದು. ಆದರೆ ತೇರಿನಲ್ಲಿ ಯಾರಿರುವರೆಂಬುದನ್ನು ನೋಡಬೇಕು. 1970ರ ಆಗಸ್ಟ್ 1ರಿಂದ 3ರ ವರೆಗೆ ಅಮೇರಿಕದ ಸ್ಯಾನ್ ಡಿಯಾಗೋ ನಗರದ ಒಂದು ಹೋಟಲಿನಲ್ಲಿ ಸುಮಾರು 300 ಜನ ಕೂಡಿದರು. ಅಂದಿನ ಅತಿಥಿಗಳಲ್ಲಿ ಮುಖ್ಯರು ಚಿತ್ರಕಾರ ಜ್ಯಾಕ್ ಕರ್ಬಿಯೂ ಮೇಲೆ ಹೇಳಿದ ಬ್ರಾಡ್ಬರಿಯೂ. ಎಂದರೆ ಕಟ್ಟಿದವರು, ಬರೆದವರು. ಜಪಾನಿನಲ್ಲಿ 1975ರ ಡಿಸೆಂಬರಿನಲ್ಲಿ 32 ಮಂಡಲಿಗಳಿಂದಲೂ ಸುಮಾರು 700 ಜನರಿಂದಲೂ ಕಾಮಿಕೆಟ್ ಎಂಬುದು ಆರಂಭವಾಯಿತು. ಅಲ್ಲಿ ಮಾರುವವನನ್ನೂ ಕೊಳ್ಳುವವನನ್ನೂ ಒಂದೇ ಹೆಸರಿನಿಂದ, ಭಾಗಿಗಳೆಂದು, ಕರೆಯುವರು. ಇಂತಹ ಸಮ್ಮೇಳನಗಳಲ್ಲಿ ಚಿತ್ರಕಾರರ ಓಣಿಯೊಂದಿರುವುದು. ಅಲ್ಲಿ ಒಬ್ಬೊಬ್ಬನೂ ತನ್ನ ಮೇಜಿನ ಹಿಂದೆ ಕುಳಿತು ಕೇಳಿದವರಿಗೆ ಉತ್ತರ ಕೊಡುವನು. ಹೊಸಬರು ತಮ್ಮ ಚಿತ್ರಗಳ ಕಟ್ಟನ್ನು ತಂದು ಅನುಭವಿಗಳ ಮುಂದೆ ಬಿಚ್ಚಿ ತಪ್ಪುಗಳನ್ನು ಕೇಳಿ ತಿಳಿಯುವ ಏರ್ಪಾಡೂ ಹಲವೆಡೆ ಇರುವುದು. ನಮ್ಮ ಯಾವ ಸಾಹಿತ್ಯೋತ್ಸವದಲ್ಲಿ ಹದಿನಾರರ ಹುಡುಗಿಯು ತನ್ನ ಪದ್ಯವನ್ನು ಹಿರಿಯ ಕವಿಯ ಕೈಗೆ ಕೊಟ್ಟು, “ಇದರಲ್ಲಿ ದೋಷವೇನು?” ಎಂದು ಕೇಳಬಲ್ಲಳು?

ಬ್ಯಾಟ್‌ಮನ್ ಎಂಬ ಪಾತ್ರವನ್ನು ಅರಿಯದ ಮಗುವಿಲ್ಲ. ನನ್ನ ಮಿತ್ರರು ಹಂಗಿಸಿದ ಬಾವಲಿಯೇ ಅದು. 1939ರಲ್ಲಿ ಅದು ಪ್ರಕಟವಾದಂದಿನಿಂದ ಕರ್ತೃವೆಂದು ಅಚ್ಚಾದ ಹೆಸರು ಬಾಬ್ ಕೇನ್ ಒಬ್ಬನದೇ. ಆ ವೇಷದ ರೂಪನ್ನು ತಿದ್ದಿ, ಮೊದಲ ಕಥೆಯನ್ನೇ ಬರೆದವನು ಬಿಲ್ ಫಿಂಗರ್ ಎಂಬವನು. ಅವನ ಹೆಸರು ಎಲ್ಲಿಯೂ ಇರಲಿಲ್ಲ. 1965ರಲ್ಲಿ ನ್ಯೂಯಾರ್ಕಿನಲ್ಲಿ ಕೂಡಿದ ಇಂತಹುದೇ ಒಂದು ಸಮ್ಮೇಳನಕ್ಕೆ ಅವನು ಬಂದು ಮಾತನಾಡಿದನು. ಜೆರ್ರಿ ಬೇಲ್ಸ್ ಎಂಬ ಓದುಗನು ಅವನಿಂದ ಸಂಗತಿ ತಿಳಿದು ಅದನ್ನು ಬರೆದು ಹಂಚಿದನು. ಕೇನನು ಅಲ್ಲಗಳೆದನು. ಫಿಂಗರನು 1974ರಲ್ಲಿ ತೀರಿಕೊಂಡನು. ಆದರೆ ಸಂತೆಯಲ್ಲಿ ಹುಟ್ಟಿದ ಆ ಮಾತು ಸಾಯಲಿಲ್ಲ. 2015ರಲ್ಲಿ ಪ್ರಕಾಶಕರು ಅವನ ಹೆಸರನ್ನು ಅಧಿಕೃತವಾಗಿ ಒಪ್ಪಿ ಸೇರಿಸಬೇಕಾಯಿತು. ಐವತ್ತು ವರ್ಷ ಹಿಡಿಯಿತು, ಆದರೂ ನ್ಯಾಯವು ನಡೆಯಿತು. ಯಾವ ವಿದ್ವತ್ಸಭೆಯು ಮಾಡದಿದ್ದ ಈ ಕೆಲಸವನ್ನು ನನ್ನ ಮಿತ್ರರು ಸಂತೆಯೆಂದು ನಕ್ಕ ಸ್ಥಳವು ಆರಂಭಿಸಿತು.

ಹಾಗೆಂದು ನಾನು ಈ ಸಮ್ಮೇಳನಗಳ ಭಟ್ಟಂಗಿಯಲ್ಲ. ಸ್ಯಾನ್ ಡಿಯಾಗೋವಿನಲ್ಲಿ ಈಗ ಲಕ್ಷಕ್ಕೆ ಮೀರಿದ ಜನ ಸೇರುವರು; ಸುಮಾರು 6,500 ಆಸನಗಳ ಒಂದು ಸಭಾಂಗಣದಲ್ಲಿ ಸಿನಿಮಾ ನಟರನ್ನು ಕಾಣಲು ರಾತ್ರಿಯೆಲ್ಲ ಬೀದಿಯಲ್ಲಿ ಮಲಗುವರು. 2012ರಿಂದ ಬೆಂಗಳೂರಿಗೂ ಬಂದಿರುವ ಈ ಪದ್ಧತಿಗೆ ಆ ಮೋಹವು ಅಂಟದಿರಲಿ. ಕವಚ ತೊಟ್ಟವನಿಗೆ ಸಿಂಹಾಸನ, ಕವಚವನ್ನು ಬರೆದವನಿಗೆ ಮೂಲೆಯ ಮೇಜು, ಇದು ವಿಪರೀತ ಕ್ರಮ. ಆದರೆ ಈ ದೋಷವನ್ನು ಎತ್ತಿ ಆಡುವ ಅಧಿಕಾರ ನಮಗಿದೆಯೆ? ನಮ್ಮ ಉತ್ಸವಗಳಲ್ಲಿ ಪದವಿಯುಳ್ಳವರಿಗೆ ಎರಡು ಗಂಟೆ, ಹಾರ, ಶಾಲು. ಗ್ರಂಥ ಬರೆದವನಿಗೆ ಕೊನೆಯ ಐದು ನಿಮಿಷ, ಅದೂ ಊಟದ ಗಂಟೆ ಬಾರಿಸಿದ ಮೇಲೆ. ಹೊಯ್ಸಳರ ಕಾಲದಲ್ಲಿ ರೂವಾರಿ ಮಲ್ಲಿತಮ್ಮನು ಸೋಮನಾಥಪುರದಲ್ಲಿ ತಾನು ಕೆತ್ತಿದ ಮೂರ್ತಿಗಳ ಅಡಿಯಲ್ಲಿ ತನ್ನ ಹೆಸರನ್ನು ಕೆತ್ತಿದನು, ಯಾರೂ ಅಳಿಸಲಿಲ್ಲ. ಆ ಮರ್ಯಾದೆಯನ್ನು ಕಲಿಸಿದ ನಾಡಿನವರು ನಾವು.

ಆದುದರಿಂದ ನನ್ನ ಸೂಚನೆ ಇಷ್ಟೆ. ಬರುವ ವಾರ್ಷಿಕೋತ್ಸವಕ್ಕೆ ಕನ್ನಡದಲ್ಲಿ ಚಿತ್ರಕಥೆ ಬರೆಯುವ ಒಬ್ಬರನ್ನು ಕರೆಯತಕ್ಕದ್ದು. ಮಕ್ಕಳು ತಮ್ಮ ಬರಹವನ್ನೂ ಚಿತ್ರವನ್ನೂ ತಂದು ಹಿರಿಯರಿಗೆ ತೋರಿಸಲು ಒಂದು ಮಧ್ಯಾಹ್ನವನ್ನು ಮೀಸಲಿಡತಕ್ಕದ್ದು. ಆ ಮಧ್ಯಾಹ್ನ ಯಾರ ಭಾಷಣವೂ ಇರತಕ್ಕದ್ದಲ್ಲ. ನನ್ನ ಮಿತ್ರರು ಇದನ್ನು ವಿರೋಧಿಸುವುದಾದರೆ ಮುಂದಿನ ಸಂಚಿಕೆಯಲ್ಲಿ ಬರೆಯಲಿ, ಉತ್ತರ ಕೊಡುವೆನು. ಮಕ್ಕಳ ಪುಸ್ತಕಗಳನ್ನು ನೋಡಲು ಮೇಜಿನ ಹಿಂದೆ ಕೂಡುವವರಲ್ಲಿ ನನ್ನ ಹೆಸರನ್ನು ಮೊದಲೇ ಬರೆದುಕೊಳ್ಳಲಿ. ನಾನು ಹರಿದುಹಾಕಿದ ಒಂದು ಪುಸ್ತಕದ ಋಣವು ನನ್ನ ಮೇಲಿರುವುದು.