ವಂಶವೃಕ್ಷಕ್ಕೆ ಬೇರು ಬೇಡವೆ?

ಕಳೆದ ದೀಪಾವಳಿಗೆ ನಮ್ಮ ಮನೆಗೆ ಬಂದ ಮೈದುನರು ಪಾಡ್ಯದ ಊಟ ಮುಗಿಯುತ್ತಲೇ ದೊಡ್ಡದೊಂದು ಹಾಳೆಯ ಸುರುಳಿ ಬಿಚ್ಚಿದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಎರಡು ವರ್ಷ ಊರೂರು ಅಲೆದು ಅವರು ಸಿದ್ಧಪಡಿಸಿದ ನಮ್ಮ ಮನೆತನದ ವಂಶವೃಕ್ಷ ಅದು. 7 ತಲೆಮಾರು, 53 ಹೆಸರು. ಎಲ್ಲರೂ ಮುಗಿಬಿದ್ದು ನೋಡಿದರು. ಗಂಡಸರು ತಂತಮ್ಮ ಹೆಸರು ಹುಡುಕಿಕೊಂಡು ಹಿಗ್ಗಿದರು. ನಾನೂ ಕನ್ನಡಕ ಏರಿಸಿಕೊಂಡು ಹುಡುಕಿದೆ. ನನ್ನ ಹೆಸರಿರಲಿಲ್ಲ. ನಮ್ಮ ಅತ್ತೆಯವರದೂ ಇರಲಿಲ್ಲ. 53ರಲ್ಲಿ ಒಂದೂ ಹೆಣ್ಣಿನ ಹೆಸರಿಲ್ಲ! ಹಾಗಾದರೆ ಇಷ್ಟು ಜನ ಗಂಡಸರು ಹುಟ್ಟಿದ್ದಾದರೂ ಎಲ್ಲಿಂದ?

ಕೇಳಿಯೇಬಿಟ್ಟೆ. ಮೈದುನರು ನಕ್ಕರು. "ಹೆಣ್ಣುಮಕ್ಕಳು ಇನ್ನೊಬ್ಬರ ಮನಿಗೆ ಹೋಗೋರು, ವೈನಿ. ಅವರನ್ನೆಲ್ಲಾ ಬರಕೋತ ಕೂತ್ರ ಹಾಳಿ ಸಾಲಂಗಿಲ್ಲ."

"ಹೋದವರನ್ನ ಬಿಡ್ರಿ. ಬಂದವರನ್ನರ ಬರೀಬೇಕಿತ್ತಲ್ಲ?" ಎಂದೆ. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. "ಟೀಚರ್ ಅಂದ ಮ್ಯಾಲೆ ತಪ್ಪು ಹುಡುಕೋದ ಕೆಲಸ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಎಲೆ ಅಡಿಕೆಯ ತಟ್ಟೆ ಬಂತು.

ಮೈದುನರ ಶ್ರಮವನ್ನು ನಾನು ಹಗುರ ಮಾಡುವುದಿಲ್ಲ. ಹಳೆಯ ಉತಾರಗಳನ್ನು ತೆಗೆಸಿದ್ದಾರೆ, ಶಾಲೆಗಳ ದಾಖಲೆ ನೋಡಿದ್ದಾರೆ. ಸುಗ್ಗಿಯ ನಂತರ ಎತ್ತಿನ ಮೇಲೆ ಕುಳಿತು ಮನೆ ಬಾಗಿಲಿಗೆ ಬಂದು ಹಿರಿಯರ ಹೆಸರುಗಳನ್ನು ಹೇಳಿ ಕಾಳುಕಡಿ ಪಡೆಯುತ್ತಿದ್ದ ಹೆಳವರನ್ನು ಹುಡುಕಿಕೊಂಡು ಹೋಗಿ ಅವರ ಪುಸ್ತಕ ಓದಿಸಿದ್ದಾರೆ. ಇಷ್ಟೆಲ್ಲ ಮಾಡಿದವರಿಗೆ ಅಡಿಗೆಮನೆಗೆ ಬಂದು ನಾಲ್ಕು ಮಾತು ಕೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಅವರಿಗೆ ಎಲ್ಲಕ್ಕಿಂತ ಹೆಮ್ಮೆ ನಮ್ಮ ಅಡ್ಡಹೆಸರಿನದು. ಅದು ಒಂದು ಊರಿನ ಹೆಸರು. ಆದರೆ ಊರಿನ ಹೆಸರು ಅಂಟಿಕೊಳ್ಳುವುದು ಊರು ಬಿಟ್ಟವರಿಗೆ. ನವಲಗುಂದದಲ್ಲೇ ಇರುವವನನ್ನು ಅಲ್ಲಿಯವರು ನವಲಗುಂದ ಎಂದು ಕರೆಯುವುದುಂಟೆ? ಬರವೋ ಸಾಲವೋ ಜಗಳವೋ, ಊರು ಬಿಟ್ಟು ಬಂದವನಿಗೆ ಹೊಸ ನೆರೆಯವರು ಕೊಟ್ಟ ಗುರುತು ಅದು. ನಮ್ಮ ಕಡೆಯ ಉಳಿದ ಅಡ್ಡಹೆಸರುಗಳೂ ಅಷ್ಟೇ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಇವು ಸಂತೆಯಿಂದ ಬಂದವು. ಬಡಿಗೇರ, ಕಂಬಾರ, ಹೂಗಾರ, ಇವು ಕಸುಬಿನಿಂದ ಬಂದವು. ಪಾಟೀಲ, ಕುಲಕರ್ಣಿ, ಇವು ಹುದ್ದೆಗಳು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆಯೇ ರದ್ದು ಮಾಡಿತು. ಹೆಸರು ಮಾತ್ರ ಉಳಿಯಿತು. ಹಳೇ ಮೈಸೂರು ಕಡೆಯ ಬಹಳ ಮಂದಿಗೆ ಅಡ್ಡಹೆಸರಿನ ಗೋಜಿಲ್ಲ. ಊರಿಗೊಂದು ಅಕ್ಷರ, ತಂದೆಗೊಂದು ಅಕ್ಷರ ಸಾಕು. ಅಲ್ಲಿಯೂ ತಾಯಿಗೆ ಒಂದಕ್ಷರವಿಲ್ಲ ನೋಡಿ!

ಸಂತೆಯ ಮೆಣಸಿನಕಾಯಿಗೆ ಹೆಸರಿನಲ್ಲಿ ಜಾಗವಿದೆ, ಹೊತ್ತು ಹೆತ್ತವಳಿಗೆ ಇಲ್ಲ. ಇದನ್ನು ಕುಲಗೌರವ ಎನ್ನುವುದು ಹೇಗೆ?

ಲೆಕ್ಕ ಹಾಕಿ ನೋಡೋಣ. ನಮ್ಮಿಂದ ಹಿಂದಕ್ಕೆ ಆರು ತಲೆಮಾರು ಎಣಿಸಿದರೆ 2, 4, 8, 16, 32, 64, ಒಟ್ಟು 126 ಜನ. ಅವರಲ್ಲಿ 63 ಹೆಂಗಸರು. ಸೋದರಮಾವನ ಮದುವೆಗಳಿಂದಾಗಿ ಕೆಲವರು ಎರಡೆರಡು ಸಲ ಬಂದರೂ ಹೆಂಗಸರಿಲ್ಲದೆ ಲೆಕ್ಕ ಮುಂದಕ್ಕೆ ಹೋಗದು. ಗಂಡಿನಿಂದ ಗಂಡಿಗೆ ನೇರ ಗೆರೆ ಎಳೆದರೆ ಸಿಗುವುದು ಆ 126ರಲ್ಲಿ ಆರೇ ಜನ. ಆರು ಜನರನ್ನು ಬರೆದು 120 ಜನರನ್ನು ಬಿಟ್ಟ ಹಾಳೆಗೆ ನಾವು ಮನೆತನದ ಚರಿತ್ರೆ ಎನ್ನುತ್ತೇವೆ.

"ಹೆಂಗಸರ ಹೆಸರು ಸಿಗೋದೇ ಇಲ್ಲ" ಎಂಬುದು ಇನ್ನೊಂದು ನೆಪ. ಸಿಗದಂತೆ ಮಾಡಿದವರು ಯಾರು? ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸಿ, ಹುಟ್ಟಿದಾಗ ಇಟ್ಟ ಹೆಸರನ್ನೇ ಅಳಿಸಿದ್ದು ನಮ್ಮ ಮನೆಗಳಲ್ಲೇ ಅಲ್ಲವೆ? ಆದರೂ ಹುಡುಕಿದರೆ ಸಿಗುತ್ತದೆ. ಮರುದಿನ ನಾನು ಅಟ್ಟ ಹತ್ತಿ ಹಳೆಯ ಪಾತ್ರೆಗಳನ್ನು ಇಳಿಸಿದೆ. ಹುಣಸೆಹಣ್ಣು ಹಾಕಿ ತಿಕ್ಕಿದಾಗ ತಾಮ್ರದ ತಂಬಿಗೆಯೊಂದರ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರಗಳು ಕಂಡವು. ಅತ್ತೆಯವರ ತವರಿನವರು ಕೊಟ್ಟ ತಂಬಿಗೆ. ಅವರ ಮೊದಲಿನ ಹೆಸರು, ಅವರ ತಂದೆಯ ಹೆಸರು, ಊರು, ಎಲ್ಲವೂ ಇದ್ದವು. ನನ್ನ ಯಜಮಾನರು ಅರವತ್ತು ದಾಟಿದ ಮೇಲೆ ಮೊದಲ ಸಲ ತಮ್ಮ ತಾಯಿಯ ಹುಟ್ಟುಹೆಸರನ್ನು ಓದಿದರು. ಬಹಳ ಹೊತ್ತು ಏನೂ ಮಾತಾಡಲಿಲ್ಲ.

ತಾಯಿಯ ಹೆಸರು ಹೇಳುವುದು ಅವಮಾನವೆಂದು ನಮಗೆ ಕಲಿಸಿದವರು ಯಾರು? ನಾನು ಮಕ್ಕಳಿಗೆ ಇತಿಹಾಸ ಪಾಠ ಮಾಡುವವಳು. ಶಾತವಾಹನರ ದೊಡ್ಡ ಅರಸ ಗೌತಮೀಪುತ್ರ ಶಾತಕರ್ಣಿ. ನಮ್ಮ ಬನವಾಸಿಯ ಕದಂಬರೂ ಬಾದಾಮಿಯ ಚಾಲುಕ್ಯರೂ ಶಾಸನಗಳಲ್ಲಿ ತಮ್ಮನ್ನು ಹಾರೀತಿಪುತ್ರರು ಎಂದು ಹೇಳಿಕೊಂಡರು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಬಳಿ ತಾಯಿಯಿಂದಲೇ ಬರುತ್ತದೆ. ರಾಜರಿಗೆ ಕಡಿಮೆಯಾಗದ ಮಾನ ನಮ್ಮ ಮನೆಯ ಗಂಡಸರಿಗೆ ಕಡಿಮೆಯಾದೀತೆ?

ಇದು ಬರೀ ಹಾಳೆಯ ಮೇಲಿನ ಚಿತ್ರದ ಮಾತಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಇದೇ ವಂಶವೃಕ್ಷ ಕಂದಾಯ ಕಚೇರಿಯಲ್ಲಿಯೂ ಬೇಕು. ಜಮೀನಿನ ಒಡೆಯ ತೀರಿಕೊಂಡಾಗ ವಾರಸುದಾರರ ಹೆಸರು ಏರುವುದು ಅದನ್ನು ನೋಡಿಯೇ. 2008ರಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಕೆಲವು ವರ್ಷಗಳ ನಂತರ ಬೇರೆ ಯಾವುದೋ ಕೆಲಸಕ್ಕೆ ಕಾಗದಪತ್ರ ನೋಡುವಾಗ ಆಗ ಕೊಟ್ಟಿದ್ದ ವಂಶವೃಕ್ಷ ನನ್ನ ಕೈಗೆ ಬಂತು. ತಂದೆಯ ಹೆಸರಿನ ಕೆಳಗೆ ಎರಡೇ ಗೆರೆ, ಇಬ್ಬರು ಅಣ್ಣಂದಿರಿಗೆ. ಪಂಚನಾಮೆಗೆ ಸಹಿ ಹಾಕಿದ ಹಿರಿಯರು ನನ್ನ ಮದುವೆಯಲ್ಲಿ ಉಂಡವರೇ!

ಅಣ್ಣನನ್ನು ಕೇಳಿದೆ. "ನಿನಗ ಹೊಲ ಬೇಕಾಗಿತ್ತೇನು?" ಎಂದ. ಹೊಲ ಬೇಕೋ ಬೇಡವೋ ಎಂಬುದು ಎರಡನೆಯ ಮಾತು, ಅಣ್ಣಾ. ನಾನು ಹುಟ್ಟಿದ್ದೇನೋ ಇಲ್ಲವೋ ಎಂಬುದು ಮೊದಲನೆಯದು.

ಕಾನೂನು ನಮಗಾಗಿ ಕಾದು ಕುಳಿತಿರಲಿಲ್ಲ, ನಿಜ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನ ಸಮಾನ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ತಂದಾಗ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ನನ್ನ ಮದುವೆ 1993ರಲ್ಲಿ! 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇಷ್ಟಾದರೂ, ವಂಶವೃಕ್ಷದಲ್ಲಿ ಹುಟ್ಟದ ಮಗಳಿಗೆ ಹುಟ್ಟಿನ ಹಕ್ಕು ಎಲ್ಲಿಂದ ಬಂದೀತು?

ತಪ್ಪು ಗಂಡಸರದು ಮಾತ್ರವೆಂದು ನಾನು ಹೇಳಲಾರೆ. ಎಷ್ಟೋ ವರ್ಷ ನಾನೇ ಕರಿಹಲಗೆಯ ಮೇಲೆ ಅಜ್ಜ, ಅಪ್ಪ, ಮಗ ಎಂದು ಬರೆದು ಮಕ್ಕಳಿಗೆ ವಂಶವೃಕ್ಷ ಕಲಿಸಿದ್ದೇನೆ. ಎದುರಿಗೆ ಕುಳಿತ ಹುಡುಗಿಯರು ತಮ್ಮ ಹೆಸರಿಲ್ಲದ ಗಿಡವನ್ನು ಮುದ್ದಾಗಿ ನಕಲು ಮಾಡಿಕೊಂಡರು. ಈಗ ತಾಯಿ, ಅಜ್ಜಿ, ಅವರ ತವರೂರು ಇಲ್ಲದ ಗಿಡಕ್ಕೆ ನಾನು ಅಂಕ ಕೊಡುವುದಿಲ್ಲ.

ಗೆಳತಿಯರೇ, ನಿಮ್ಮ ಅಜ್ಜಿ ಇದ್ದರೆ ಇವತ್ತೇ ಕೇಳಿ. ಅವರ ಮೊದಲಿನ ಹೆಸರೇನು, ಅವರ ತಾಯಿ ಯಾವ ಊರಿನವರು, ಅವರ ತಾಯಿಯ ತಾಯಿ ಯಾರು ಎಂದು ಕೇಳಿ ಬರೆದಿಡಿ. ತವರಿನವರು ವಂಶವೃಕ್ಷದ ಅರ್ಜಿ ಬರೆಯುವಾಗ ಒಮ್ಮೆ ಓದಿ ನೋಡಿ. ಸಹಿ ಹಾಕು ಎಂದು ಕಾಗದ ಮುಂದಿಟ್ಟರೆ ಪೂರ್ತಿ ಓದದೆ ಹಾಕಬೇಡಿ. ಪಾಲು ಕೇಳುವುದು ಬಿಡುವುದು ನಿಮ್ಮ ಇಷ್ಟ. ಹೆಸರು ಬಿಡಬೇಡಿ.

ಮೈದುನರ ಹಾಳೆ ಇನ್ನೂ ನಮ್ಮ ಮನೆಯಲ್ಲೇ ಇದೆ. ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಬೇಕೆಂದು ಅವರ ಆಸೆ. ನಾನು ಬಿಟ್ಟಿಲ್ಲ. ಸೀಸಕಡ್ಡಿಯಿಂದ ಇದುವರೆಗೆ ಒಂಬತ್ತು ಹೆಣ್ಣುಮಕ್ಕಳ ಹೆಸರು ಸೇರಿಸಿದ್ದೇನೆ. ಉಳಿದವರು ಸಿಗುವವರೆಗೆ ಅದು ಸುರುಳಿಯಾಗಿಯೇ ಇರಲಿ.